ನಾನೇ ಕಟ್ಟಿದ ಹಗ್ಗ

ಅವನು “ಏಳಿ” ಎಂದರೆ ಜನ ಏಳುತ್ತಿದ್ದರು. ನನಗೆ ಸಹಿಸಲಾಗದೆ ಹೋದದ್ದು ಇದೊಂದೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಈ ಕೆಲಸಕ್ಕೆ ಬಂದದ್ದೂ ನನ್ನ ನಂತರ, ನಿಯಮಾವಳಿಯ ಪುಸ್ತಕವನ್ನು ಅರ್ಧಕ್ಕಿಂತ ಮುಂದೆ ಓದಿದವನೇ ಅಲ್ಲ. ಆದರೂ ಅವನು ಬಾಯಿ ತೆರೆದರೆ ಇಡೀ ಮಹಡಿ ಕುರ್ಚಿ ಬಿಟ್ಟೇಳುತ್ತಿತ್ತು. ನಾನು ಅದೇ ಮಾತು ಹೇಳಿದರೆ ತಲೆಯೆತ್ತಿ ನೋಡಿ, ಮುಗುಳ್ನಕ್ಕು, ಮತ್ತೆ ಕಂಪ್ಯೂಟರಿಗೆ ಮುಖ ಹಾಕುತ್ತಿದ್ದರು. ಎದುರಿಗೆ ಸಿಕ್ಕಾಗ ಅವನನ್ನು ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಆ ಮರ್ಯಾದೆಯನ್ನು ಒಂದು ದಿನವೂ ಕೊಟ್ಟವಳಲ್ಲ, ಇಲ್ಲಿಯೂ ಕೊಡುವುದಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ನಮ್ಮ ಸಾಫ್ಟ್‌ವೇರ್ ಕಂಪನಿಗೆ ತಿರುವನಂತಪುರದಲ್ಲಿ ಹಳೆಯ ಕಚೇರಿ, ಕೊಚ್ಚಿಯಲ್ಲಿ ಹೊಸದು. ತಿರುವನಂತಪುರದ ಕಟ್ಟಡದ ಸುರಕ್ಷತೆ ನನ್ನ ಹೊಣೆ, ಕೊಚ್ಚಿಯದು ಅವನದು. ಬೆಂಕಿ ನಂದಿಸುವ ಸಿಲಿಂಡರುಗಳ ಗಡುವು ನೋಡುವುದು, ಅಲಾರಂ ಪರೀಕ್ಷಿಸುವುದು, ಮೆಟ್ಟಿಲ ದಾರಿಯಲ್ಲಿ ಯಾರೂ ರಟ್ಟಿನ ಪೆಟ್ಟಿಗೆ ಪೇರಿಸದಂತೆ ಕಾಯುವುದು, ಆಗಾಗ ಅಲಾರಂ ಹೊಡೆಸಿ ಇಡೀ ಕಟ್ಟಡವನ್ನು ಖಾಲಿ ಮಾಡಿಸುವ ಡ್ರಿಲ್ ನಡೆಸುವುದು ನಮ್ಮ ಕೆಲಸ. ನಾನು ಕಾಸರಗೋಡಿನ ಕಡೆಯವಳು, ಗಂಡನಿಗೆ ತಿರುವನಂತಪುರದಲ್ಲಿ ಸರಕಾರಿ ಕೆಲಸವಾದ್ದರಿಂದ ಶ್ರೀಕಾರ್ಯಂನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅವನು ಮೈಸೂರಿನವನು. ಕನ್ನಡದವರು ಇಬ್ಬರೇ, ಅಕ್ಕ ತಮ್ಮನ ಹಾಗೆ ಇರುತ್ತಾರೆ ಎಂದು ಕಚೇರಿಯಲ್ಲಿ ಎಲ್ಲರೂ ತಿಳಿದಿದ್ದರು.

ಆ ವರ್ಷ ಒಬ್ಬ ದೊಡ್ಡ ವಿದೇಶಿ ಗ್ರಾಹಕರು ಒಂದು ಷರತ್ತು ಹಾಕಿದರು: ಎರಡೂ ಕಟ್ಟಡಗಳ ಸುರಕ್ಷತೆಯನ್ನು ತಮ್ಮ ತಪಾಸಕರು ಬಂದು ನೋಡಬೇಕು, ಎರಡಕ್ಕೂ ಸೇರಿ ಒಬ್ಬರೇ ಮುಖ್ಯಸ್ಥರಿರಬೇಕು. ಆಡಳಿತ ವಿಭಾಗದ ನಮ್ಮ ಮೇಲಧಿಕಾರಿ ನೇರ ನುಡಿಯ ಹೆಂಗಸು. ಯಾರ ಡ್ರಿಲ್ ಚೆನ್ನಾಗಿ ಆಗುತ್ತದೋ ಆ ಹುದ್ದೆ ಅವರಿಗೆ ಎಂದು ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಹೇಳಿದರು. ಕಂಪನಿಯ ಡ್ರಿಲ್ಲಿನ ಕ್ರಮವನ್ನೆಲ್ಲ ಮೊದಲು ಬರೆದವಳು ನಾನು. ಆ ಕುರ್ಚಿ ನನ್ನದೆಂದೇ ಲೆಕ್ಕ ಹಾಕಿಕೊಂಡು ಹೊರಗೆ ಬಂದೆ.

ಮೊದಲು ನನ್ನ ಕಟ್ಟಡದ ಡ್ರಿಲ್. ಒಂದೊಂದು ಮಹಡಿಗೂ ಹಳದಿ ಟೋಪಿಯ ಉಸ್ತುವಾರಿಗಳನ್ನು ನೇಮಿಸಿದ್ದೆ. ಎಲ್ಲರಿಗೂ ಮಿಂಚಂಚೆ ಕಳಿಸಿದ್ದೆ, ಅದರಲ್ಲಿ ನಕ್ಷೆ ಇತ್ತು, ಯಾಕೆ ಲಿಫ್ಟ್ ಹತ್ತಬಾರದು ಎಂಬುದಕ್ಕೆ ವಿವರಣೆ ಇತ್ತು. ಅಲಾರಂ ಹೊಡೆಯಿತು. ಒಬ್ಬರೂ ಏಳಲಿಲ್ಲ. ಅಡ್ಡಗೋಡೆಗಳ ಮೇಲೆ ಒಂದೊಂದೇ ತಲೆ ಮೂಡಿ ಸುತ್ತ ನೋಡಿತು, ತಮ್ಮ ತಂಡದ ನಾಯಕ ಕೂತೇ ಇರುವುದನ್ನು ಕಂಡು ಮತ್ತೆ ಮುಳುಗಿತು. ಆ ನಾಯಕನಾದರೋ ವಿದೇಶದ ಗ್ರಾಹಕರೊಡನೆ ಫೋನಿನಲ್ಲಿದ್ದವನು ಅಲಾರಂ ಕಡೆಗೇ ಕೈಯೆತ್ತಿ ‘ಒಂದು ನಿಮಿಷ’ ಎಂದು ಸನ್ನೆ ಮಾಡಿದ. ಬೆಂಕಿಗೆ ಒಂದು ನಿಮಿಷ ಕಾಯಲು ಹೇಳಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು.

ನಾನು ಮಹಡಿಯಿಂದ ಮಹಡಿಗೆ ಓಡಿದೆ. ದಯವಿಟ್ಟು ಹೊರಡಿ, ಇದು ನಿಮ್ಮದೇ ಒಳ್ಳೆಯದಕ್ಕೆ, ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಉಸಿರಾಡುವುದು ಕಷ್ಟ ಎಂದು ಕೈಮುಗಿಯುವುದೊಂದು ಬಾಕಿ. ಕೆಲವರು ನಿಧಾನವಾಗಿ ಎದ್ದರು, ಬ್ಯಾಗ್ ತೆಗೆದುಕೊಂಡರು, ನೀರಿನ ಬಾಟಲಿ ತುಂಬಿಸಿಕೊಂಡರು. ಕೊನೆಯವನು ಅಂಗಳಕ್ಕೆ ಬರುವ ಹೊತ್ತಿಗೆ ಮೊದಲು ಬಂದವರು ಬಿಸಿಲು ತಾಳಲಾರದೆ ಒಳಗೆ ಹೋಗಿಯಾಗಿತ್ತು. ಮುಂದಿನ ವಾರ ಕೊಚ್ಚಿಯ ಡ್ರಿಲ್ ಇದೆ, ಹೋಗಿ ನೋಡಿಕೊಂಡು ಬನ್ನಿ ಎಂದಷ್ಟೇ ಮೇಲಧಿಕಾರಿ ಹೇಳಿದರು. ಕಲಿತುಕೊಂಡು ಬನ್ನಿ ಎಂದು ಹೇಳದೆ ಬಿಟ್ಟದ್ದು ಅವರ ಸಜ್ಜನಿಕೆ.

ಕೊಚ್ಚಿಯಲ್ಲಿ ಅವನು ಮಿಂಚಂಚೆಯನ್ನೇ ಕಳಿಸಿರಲಿಲ್ಲ. ಅಲಾರಂ ಶುರುವಾದೊಡನೆ ಮಹಡಿಯ ನಡುವೆ ಬಂದು ನಿಂತು, ಬೆರಳು ತೋರಿಸಿ, ನೀವು, ನೀವು, ನೀವು, ಎದ್ದು ನಡೀರಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಕೂಗಲಿಲ್ಲ. ಆ ಮೂವರು ಎದ್ದರು, ಅವರನ್ನು ನೋಡಿ ಸಾಲು ಎದ್ದಿತು, ಸಾಲನ್ನು ನೋಡಿ ಮಹಡಿ ಎದ್ದಿತು. ಫೋನಿನಲ್ಲಿದ್ದ ಒಬ್ಬ ನಾಯಕನ ಮುಂದೆ ಹೋಗಿ ಮಾತಿಲ್ಲದೆ ನಿಂತ. ಆತ ಫೋನಿಟ್ಟು ಹೊರಟ. ಅಂಗಳದಲ್ಲಿ ಎಣಿಕೆ ಮುಗಿಯುವಾಗ ನನ್ನ ಕೈಯಲ್ಲಿದ್ದ ಗಡಿಯಾರವನ್ನು ನಂಬದೆ ಪಕ್ಕದವರ ಗಡಿಯಾರ ನೋಡಿದೆ.

ಸಂಜೆ ಅವನು ಫೋರ್ಟ್ ಕೊಚ್ಚಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದ. ಅತಿಥಿ ಸತ್ಕಾರದಲ್ಲೂ ಅವನದು ಎತ್ತಿದ ಕೈ, ಅದೂ ನನಗೆ ಸೇರಲಿಲ್ಲ. ನೀರಿನಂಚಿನ ಪಾಚಿಗಟ್ಟಿದ ಕಲ್ಲುಗಳ ಮೇಲೆ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಹೋಗುತ್ತ ಹೋಗುತ್ತಲೇ ಕೈಯಾಡಿಸಿ ಹಿಂದೆ ಬನ್ನಿ ಎಂದ. ಗುರುತು ಪರಿಚಯವಿಲ್ಲದ ಆ ಜನ ಹಿಂದೆ ಬಂದರು. ಸ್ವಲ್ಪ ಮುಂದೆ ಇನ್ನೊಂದು ಗುಂಪು ಹಾಗೆಯೇ ನಿಂತಿತ್ತು. ನನಗೂ ಒಂದು ಕೈ ನೋಡಬೇಕೆನಿಸಿತು. ಕಲ್ಲು ಜಾರುತ್ತದೆ, ದಯವಿಟ್ಟು ಸ್ವಲ್ಪ ಹಿಂದೆ ಬರುತ್ತೀರಾ ಎಂದು ಕೇಳಿದೆ. ಅದರಲ್ಲೊಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ನಗರಸಭೆಯವರೋ ಎಂದು ವಿಚಾರಿಸಿದರು. ಅವನು ಮುಖ ಆಚೆ ತಿರುಗಿಸಿ ನಗು ತಡೆದುಕೊಂಡ.

ಹಿಂದಿರುಗುವ ದೋಣಿಯಲ್ಲಿ ಅವನೇ ಮಾತು ತೆಗೆದ. “ಅಲ್ಲ ಮೇಡಂ, ನೀವ್ಯಾಕೆ ಅಷ್ಟೊಂದು ವಿವರಿಸ್ತೀರ? ಹೇಳಿ ಸುಮ್ನಾಗ್ಬಿಡಿ.”

“ಯಾಕೆ ಅಂತ ಗೊತ್ತಾಗದೆ ಜನ ಯಾಕೆ ಕೇಳ್ಬೇಕು?” ಎಂದೆ.

“ಕೇಳ್ತಾರೆ ಮೇಡಂ. ಯಾರಾದ್ರೂ ಹೇಳ್ಲಿ ಅಂತಾನೇ ಕಾಯ್ತಿರ್ತಾರೆ.”

ರೈಲಿನಲ್ಲಿ ತಿರುವನಂತಪುರಕ್ಕೆ ಬರುವವರೆಗೂ ಆ ಮಾತನ್ನು ಅರೆದೆ. ಅವನು ಮಾಡಿದ್ದನ್ನು ಬಿಡಿಬಿಡಿಯಾಗಿ ನೆನಪಿಸಿಕೊಂಡೆ. ಒಬ್ಬೊಬ್ಬರನ್ನೇ ಗುರಿಮಾಡಿ ಹೇಳುತ್ತಾನೆ, ಗುಂಪಿಗೆ ಹೇಳುವುದಿಲ್ಲ. ಮೊದಲ ಹೆಜ್ಜೆ ಯಾವುದೆಂದು ಮಾತ್ರ ಹೇಳುತ್ತಾನೆ. ಹೇಳಿದ ಮೇಲೆ ಅವರು ಎದ್ದರೋ ಇಲ್ಲವೋ ಎಂದು ಕಾದು ನೋಡುವುದಿಲ್ಲ, ಎದ್ದೇ ಏಳುತ್ತಾರೆಂಬಂತೆ ಮುಂದಿನವರ ಕಡೆ ತಿರುಗಿರುತ್ತಾನೆ. ನಾನು ಕಾರಣ ಕೊಡುತ್ತೇನೆ. ಕಾರಣ ಕೊಟ್ಟೊಡನೆ ಜನ ಅದು ಸರಿಯೋ ತಪ್ಪೋ ಎಂದು ಯೋಚಿಸಲು ಕೂರುತ್ತಾರೆ, ಕೂತವರು ಏಳುವುದಿಲ್ಲ. ಇಷ್ಟೆಲ್ಲ ಅರ್ಥವಾಯಿತು. ಅರ್ಥವಾದದ್ದರಿಂದ ಹೊಟ್ಟೆಯುರಿ ಒಂದು ಚೂರೂ ಕಡಿಮೆಯಾಗಲಿಲ್ಲ, ಯಾಕೆಂದರೆ ಅವನು ಇದನ್ನು ಎಲ್ಲಿಯೂ ಕಲಿತಿರಲಿಲ್ಲ. ಹಾಗೆಯೇ ಹುಟ್ಟಿದ್ದ.

ಮನೆಯಲ್ಲಿ ಅಭ್ಯಾಸಕ್ಕೆ ತೊಡಗಿದೆ. ನಮ್ಮ ಮಗಳು ಆಗ ಪ್ರಾಥಮಿಕ ಶಾಲೆಯಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ ಬರುತ್ತದೆ. ಗಂಟಲನ್ನು ಆದಷ್ಟು ಕೆಳಗಿಳಿಸಿ, ಬೆರಳು ತೋರಿಸಿ, ಪುಸ್ತಕ ಎತ್ತಿಡು ಎಂದೆ. ಅವಳು ಪುಸ್ತಕ ಬಿಟ್ಟು ನನ್ನ ಮುಖವನ್ನೇ ನೋಡಿ, “ಅಮ್ಮಯ್ಕ್ ಜಲದೋಷಮಾಣೋ?” ಎಂದು ಕಾಳಜಿಯಿಂದ ಕೇಳಿದಳು. ಅಮ್ಮನಿಗೆ ನೆಗಡಿಯಾಗಿದೆಯೇ ಎಂದು. ಪೇಪರ್ ಓದುತ್ತಿದ್ದ ನನ್ನ ಗಂಡ ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡರು, ಅದರ ಅಂಚು ಅಲುಗುತ್ತಿತ್ತು. ಆ ಗಂಟಲನ್ನು ಮತ್ತೆ ಹೊರತೆಗೆಯಲಿಲ್ಲ.

ಅವನ ಹಾಗೆ ಆಗುವುದು ನನ್ನಿಂದಾಗದು ಎಂದು ಖಚಿತವಾದ ಮೇಲೆ ಅವನಲ್ಲಿ ಹುಳುಕು ಹುಡುಕತೊಡಗಿದೆ. ಹುಳುಕು ಸಿಕ್ಕಿತು ಕೂಡ. ಅವನು ಪ್ರತಿ ಸಲವೂ ಎಲ್ಲರನ್ನೂ ಪೂರ್ವದ ಮೆಟ್ಟಿಲಿನಿಂದಲೇ ಇಳಿಸುತ್ತಾನೆ, ಅಂಗಳಕ್ಕೆ ಅದು ಹತ್ತಿರವೆಂದು. ಪಶ್ಚಿಮದಲ್ಲಿ ಇನ್ನೊಂದು ಮೆಟ್ಟಿಲಿರುವುದು ಅಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಪೂರ್ವದಲ್ಲೇ ಹೊಗೆ ಎದ್ದರೆ? ಅವನು ನಡೀರಿ ಎಂದರೆ ಆ ಜನ ಹೊಗೆಯೊಳಗೇ ನಡೆಯುತ್ತಾರೆ. ಜನ ಮಾತು ಕೇಳುತ್ತಾರೆಂಬ ಅವನ ಹೆಚ್ಚುಗಾರಿಕೆಯೇ ಅಪಾಯ ಎಂದು ತೋರಿಸಿಬಿಟ್ಟರೆ ಹುದ್ದೆ ಯಾರಿಗೆ ಸಿಗಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮೇಲಧಿಕಾರಿಗೆ ನನ್ನ ಯೋಜನೆ ಒಪ್ಪಿಸಿದೆ. ತಪಾಸಕರು ಬರುವ ಮೊದಲು ಕೊಚ್ಚಿಯಲ್ಲಿ ಇನ್ನೊಂದು ಡ್ರಿಲ್ ಮಾಡೋಣ, ಒಂದು ಮೆಟ್ಟಿಲಲ್ಲಿ ಹೊಗೆ ತುಂಬಿದೆ ಎಂದು ಭಾವಿಸಿ ಹಗ್ಗ ಕಟ್ಟಿ ಫಲಕ ತೂಗುಹಾಕೋಣ, ಅಲ್ಲಿಯ ಯಾರಿಗೂ ಮುಂಚೆ ತಿಳಿಸುವುದು ಬೇಡ ಎಂದೆ. ಅವನಿಗೂ ಬೇಡವೇ ಎಂದು ಕೇಳಿದರು. ಅವನಿಗಂತೂ ಬೇಡವೇ ಬೇಡ ಎಂದೆ. ನಮ್ಮ ಕಸುಬಿನಲ್ಲಿ ಇದು ಸರಿಯಾದ ಕ್ರಮವೇ. ಆದರೆ ಅದನ್ನು ಹೇಳುವಾಗ ನನ್ನ ದನಿಯಲ್ಲಿದ್ದ ಉತ್ಸಾಹ ಬೇರೆ ಕಡೆಯಿಂದ ಬಂದದ್ದೆಂದು ಅವರಿಗೂ ತಿಳಿದಿರಬೇಕು, ಒಂದು ಕ್ಷಣ ನೋಡಿ ಆಗಲಿ ಎಂದರು.

ಹಗ್ಗವನ್ನು ನಾನೇ ಚಾಲೈ ಬಜಾರಿಗೆ ಹೋಗಿ ತಂದೆ. ಕೆಂಪು ನೈಲಾನಿನದು, ದೂರದಿಂದಲೇ ಕಣ್ಣಿಗೆ ರಾಚುವಂಥದ್ದು. ಹಸುವಿಗೋ ಬಾವಿಗೋ ಎಂದು ಅಂಗಡಿಯವನು ಕೇಳಿದ. ಮನುಷ್ಯರಿಗೆ ಎಂದೆ. ಅವನು ಅಳೆದು ಕತ್ತರಿಸಿ ಕೊಟ್ಟ. ಫಲಕವನ್ನೂ ಅಲ್ಲೇ ಒಬ್ಬನಿಂದ ಬರೆಸಿದೆ: ‘ಹೊಗೆ. ಈ ದಾರಿ ಮುಚ್ಚಿದೆ’ ಎಂದು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ದಪ್ಪಕ್ಷರ. ಮನೆಗೆ ಬಂದು ಹಗ್ಗವನ್ನು ಸುರುಳಿ ಸುತ್ತುವಾಗ ಬಾಯಲ್ಲಿ ಹಾಡಿತ್ತು.

ಡ್ರಿಲ್ಲಿನ ದಿನ ಅವನ ಕಟ್ಟಡದ ಮೂರನೆಯ ಮಹಡಿ. ಅಲಾರಂ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಪೂರ್ವದ ಮೆಟ್ಟಿಲ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಎರಡು ಗಂಟು ಹಾಕಿ, ಫಲಕ ತೂಗುಬಿಟ್ಟು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಪಕ್ಕದಲ್ಲಿ ನಿಂತೆ. ಆ ಬಣ್ಣದ ಜಾಕೆಟ್ ತೊಟ್ಟವರು ವೀಕ್ಷಕರು. ಅವರು ಮಾತಾಡಬಾರದು, ಸಹಾಯ ಮಾಡಬಾರದು, ನಡೆದದ್ದನ್ನು ಗುರುತು ಹಾಕಿಕೊಳ್ಳಬೇಕು, ಅಷ್ಟೆ. ಆ ನಿಯಮವನ್ನು ಬರೆದವಳೂ ನಾನೇ.

ಅಲಾರಂ ಹೊಡೆಯಿತು. ಒಳಗಿನಿಂದ ಅವನ ದನಿ ಕೇಳಿಸಿತು, ಅದರ ಹಿಂದೆಯೇ ಕುರ್ಚಿಗಳ ಸದ್ದು. ಜನ ಪೂರ್ವದ ಬಾಗಿಲಿಗೇ ಬಂದರು. ಎಲ್ಲರಿಗಿಂತ ಮುಂದಿದ್ದವಳು ಟೆಸ್ಟಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ. ಹಗ್ಗ ಕಂಡು ನಿಂತಳು, ಫಲಕ ಓದಿದಳು, ಹಿಂದೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಜನ ಒತ್ತಿತು. ಅವರ ತಲೆಗಳ ಮೇಲಿನಿಂದ ಅವನ ಮುಖ ಕಾಣಿಸಿತು. ಯಾಕೆ ನಿಂತಿರಿ, ನಡೀರಿ ಎಂದು ಇಂಗ್ಲಿಷಿನಲ್ಲಿ ಹೇಳಿದವನು ನನ್ನನ್ನು ನೋಡಿ ಕನ್ನಡಕ್ಕೆ ಹೊರಳಿದ.

“ಮೇಡಂ, ಹಗ್ಗ ಎತ್ತಿ. ಇಳೀರಿ.”

ನಾನು ಗಡಿಯಾರವನ್ನು ಜೇಬಿಗೆ ಹಾಕಿದೆ. ಹಗ್ಗ ಎತ್ತಿದೆ. ತಲೆ ಬಗ್ಗಿಸಿ ಅದರಡಿ ನುಸುಳಿ ಮೆಟ್ಟಿಲು ಇಳಿಯತೊಡಗಿದೆ.

ಆಗ ಏನು ಯೋಚಿಸಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಏನೂ ಯೋಚಿಸಲಿಲ್ಲ. ಹೆದರಿಕೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತ್ತು. ಇಷ್ಟು ದಿನ ತಲೆಯಲ್ಲಿ ಹೊತ್ತ ನಕ್ಷೆ, ನಿಯಮ, ಎಣಿಕೆ ಎಲ್ಲವನ್ನೂ ಯಾರೋ ಇಳಿಸಿಕೊಂಡರು, ಇನ್ನು ನನಗೆ ಉಳಿದದ್ದು ಕಾಲು ಎತ್ತಿಡುವುದು ಮಾತ್ರ. ಹಿಂದೆ ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಮುಂದಿನವರು ಹಿಂದಿನವರಿಗಾಗಿ ಹಗ್ಗವನ್ನು ಎತ್ತಿ ಹಿಡಿದುಕೊಂಡಿದ್ದರು, ಮದುವೆ ಮನೆಯ ಬಾಗಿಲಲ್ಲಿ ಪರದೆ ಸರಿಸಿ ಹಿಡಿಯುವ ಹಾಗೆ. ಮೊದಲ ತಿರುವು ಇಳಿದ ಮೇಲೆಯೇ ಅದು ನನ್ನ ಹಗ್ಗವೆಂದು ನೆನಪಾದದ್ದು. ನಿಜವಾದ ಹೊಗೆಯಾಗಿದ್ದರೆ ಆ ತಿರುವಿನಿಂದ ಮುಂದೆ ನಾವು ಯಾರೂ ಇರುತ್ತಿರಲಿಲ್ಲ.

ಅಂಗಳದಲ್ಲಿ ಎಣಿಕೆ ಸರಿಯಾಗಿ ಬಂತು, ಹಿಂದಿಗಿಂತ ಬೇಗನೆ ಬಂತು. ಅವನು ಗೆದ್ದ ಮುಖದಲ್ಲಿ ನಿಂತಿದ್ದ. ಪೂರ್ವದ ಮೆಟ್ಟಿಲಲ್ಲಿ ಹೊಗೆ ಇತ್ತೆಂದು ಆಗ ಮೇಲಧಿಕಾರಿ ಎಲ್ಲರಿಗೂ ತಿಳಿಸಿದರು. ಜನ ನಕ್ಕರು. ನಗು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಮುಖ ಮಾತ್ರ ಬಿಳುಚಿತು. ಇಷ್ಟು ದಿನ ನಾನು ಕಾದಿದ್ದ ನೋಟ ಅದು. ನೋಡಲು ಬಂದರೆ ರುಚಿಸಲಿಲ್ಲ, ಯಾಕೆಂದರೆ ಸತ್ತವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಾನೇ ಇದ್ದೆ.

ಕ್ರಮದ ಪ್ರಕಾರ ಒಬ್ಬೊಬ್ಬರನ್ನೂ ಕರೆದು ಯಾಕೆ ಹಗ್ಗ ದಾಟಿದಿರಿ ಎಂದು ವಿಚಾರಿಸಬೇಕು. ಕ್ಯಾಂಟೀನಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಕೂತೆ. ಸಾರ್ ಹೇಳಿದರು, ದಾಟಿದೆವು ಎಂಬ ಉತ್ತರವನ್ನೇ ಪೇರಿಸಬಹುದೆಂಬ ಆಸೆ ನನಗೆ ಆಗಲೂ ಇತ್ತು. ಸಾಲಿನ ಕೊನೆಯಲ್ಲಿದ್ದವರು ಮುಂದಿನವರು ಹೋದರು, ನಾವೂ ಹೋದೆವು ಎಂದರು. ನಡುವಿದ್ದವರು ಸಾರ್ ಹೇಳಿದರು ಎಂದರು. ನಾನು ತಲೆಯಾಡಿಸುತ್ತ ಬರೆದುಕೊಂಡೆ. ಆಮೇಲೆ ಆ ಟೆಸ್ಟಿಂಗ್ ಹುಡುಗಿ ಬಂದಳು. ಯಾಕೆ ದಾಟಿದೆ ಎಂದು ಕೇಳಿದರೆ ಅವಳೇ ನನ್ನನ್ನು ಆಶ್ಚರ್ಯದಿಂದ ನೋಡಿದಳು.

“ಚೇಚಿಯಲ್ಲೇ ಕಯರ್ ಪೊಕ್ಕಿಯತ್?” ಎಂದಳು. ಹಗ್ಗ ಎತ್ತಿದ್ದು ಅಕ್ಕನೇ ಅಲ್ಲವೇ ಎಂದು.

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಸಾರ್ ನಡೀರಿ ಎಂದಾಗ ಅವಳು ನಡೆಯಲಿಲ್ಲವಂತೆ. ಇಲ್ಲಿ ಫಲಕವಿದೆ ಎಂದು ತಿರುಗಿ ಹೇಳುವವಳಿದ್ದಳಂತೆ. ಅಷ್ಟರಲ್ಲಿ ಹಗ್ಗದ ಪಕ್ಕದಲ್ಲೇ ಜಾಕೆಟ್ ತೊಟ್ಟು ನಿಂತಿದ್ದವರು, ಇಷ್ಟು ದಿನ ಎರಡೂ ಕಚೇರಿಗೆ ಮಿಂಚಂಚೆಯಲ್ಲಿ ನಿಯಮ ಕಳಿಸುತ್ತಿದ್ದವರು, ಅದನ್ನು ಎತ್ತಿ ತಾವೇ ಇಳಿದರು. ಇನ್ನು ಹೇಳುವುದಕ್ಕೇನಿದೆ ಎಂದು ಅವಳೂ ಇಳಿದಳು. ಅವಳ ಬೆನ್ನಿಗೇ ಇದ್ದವರದೂ ಹೆಚ್ಚುಕಡಿಮೆ ಅದೇ ಉತ್ತರ. ನನ್ನ ಮಿಂಚಂಚೆಗಳನ್ನು ಒಬ್ಬರಾದರೂ ಓದುತ್ತಾರೆಂದು ನನಗೆ ತಿಳಿದದ್ದು ಅಲ್ಲಿ.

ಕೊನೆಗೆ ಅವನು ಬಂದು ಕೂತ. ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗಿದ್ದ.

“ನಿಜ ಹೇಳ್ಲಾ ಮೇಡಂ? ಆ ಬೋರ್ಡ್ ನೋಡಿ ನನಗೂ ಅನುಮಾನ ಬಂತು. ಅದಕ್ಕೇ ನಿಮಗೇ ಎತ್ತಿ ಅಂದೆ. ತಪ್ಪಾಗಿದ್ರೆ ನೀವು ಬೇಡ ಅಂತಿದ್ರಿ. ರೂಲ್ಸೆಲ್ಲಾ ನಿಮಗೆ ತಾನೆ ಗೊತ್ತಿರೋದು.”

ಅವನು ನನ್ನ ಕಡೆ ನೋಡಿದ, ನಾನು ಅವನ ಮಾತು ಕೇಳಿದೆ, ಹುಡುಗಿ ನನ್ನನ್ನು ನೋಡಿದಳು, ಉಳಿದವರು ಅವಳನ್ನು. ಫಲಕದ ಮಾತನ್ನು ಒಬ್ಬರೂ ಕೇಳಲಿಲ್ಲ. ಜನ ನನ್ನ ಹಿಂದೆ ಬರಬೇಕೆಂದು ಎಷ್ಟು ಹಂಬಲಿಸಿದ್ದೆನೋ, ಬಂದೇ ಬಂದರು. ಬರಬಾರದ ಕಡೆಗೆ ಬಂದರು. ಇನ್ನು ಯಾರ ಮೇಲೆ ಕರುಬುವುದೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ, ಆಮೇಲೆ ಅಭ್ಯಾಸದಂತೆ ಮತ್ತೆ ಅವನ ಮೇಲೆಯೇ ಕರುಬಿದೆ.

ವರದಿಯಲ್ಲಿ ಮೊದಲು ಹಗ್ಗ ದಾಟಿದವಳು ವೀಕ್ಷಕಿ ಎಂದು ಬರೆದೆ. ಅದನ್ನು ಬಿಟ್ಟರೆ ಹುಡುಗಿಯ ಉತ್ತರಕ್ಕೆ ತಲೆಬುಡ ಇರುತ್ತಿರಲಿಲ್ಲ. ಅದರ ಜೊತೆಗೆ ಹೊಸ ಕ್ರಮವೊಂದನ್ನು ಸೂಚಿಸಿದೆ. ದಾರಿ ಮುಚ್ಚಿರುವುದನ್ನು ಮೊದಲು ಕಂಡವರು, ಯಾರೇ ಆಗಿರಲಿ, ಜನರ ಕಡೆ ತಿರುಗಿ ಎರಡೂ ಕೈ ಚಾಚಿ ನಿಲ್ಲಬೇಕು. ದಾರಿಯಿಲ್ಲ ಎಂಬರ್ಥದ “ವಳಿ ಇಲ್ಲ” ಎಂಬ ಎರಡೇ ಮಾತು ಕೂಗಬೇಕು. ಕೇಳಿದವರು ಅದನ್ನೇ ಹಿಂದಿನವರಿಗೆ ಕೂಗಬೇಕು. ನಡೀರಿ ಎಂದು ಯಾರು ಎಷ್ಟೇ ಹೇಳಿದರೂ ಕೈ ಇಳಿಸಬಾರದು. ಡ್ರಿಲ್ ನಡೆಸುವವರು ಪ್ರಶ್ನೆ ಕೇಳದೆ ತಿರುಗಬೇಕು.

ಬರೆಯುವುದು ಸುಲಭವಾಗಿತ್ತು. ಕೊಚ್ಚಿಗೆ ಹೋಗಿ ಹೋಗಿ ತಂಡ ತಂಡವಾಗಿ ಕೂರಿಸಿಕೊಂಡು ಹೇಳಿಕೊಟ್ಟೆ, ಚಿತ್ರ ತೋರಿಸಿದೆ, ಅಣಕು ಮಾಡಿ ತೋರಿಸಿದೆ. ಎಲ್ಲರೂ ಒಪ್ಪಿದರು. ಸುಮ್ಮನೆ ಪರೀಕ್ಷೆಗೆಂದು ಒಂದು ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಿಗೆ ಹಗ್ಗ ಕಟ್ಟಿ ಒಂದು ತಂಡವನ್ನು ಅತ್ತ ಕರೆದೆ. ಮುಂದಿದ್ದವನು ಕೈ ಚಾಚುವ ಮೊದಲು ಪಕ್ಕದಲ್ಲಿ ನಿಂತಿದ್ದ ತಮ್ಮ ಸಾರ್ ಕಡೆ ನೋಡಿದ. ಸಾರ್‌ಗೆ ಬೇಸರವಾದೀತೋ ಎಂದು. ಇನ್ನೊಂದು ತಂಡವೂ ಹಾಗೆಯೇ. ನನ್ನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ತಪಾಸಕರು ಬರುವ ದಿನ ಹತ್ತಿರವಾಗುತ್ತಿತ್ತು.

ಮಾಡಬೇಕಾದ್ದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಲವು ದಿನ ತಳ್ಳಿದೆ. ಅವನ ಮಾತನ್ನು ಮೀರಲು ಆ ಜನಕ್ಕೆ ಅಪ್ಪಣೆ ಬೇಕಿತ್ತು, ಆ ಅಪ್ಪಣೆ ಅವನ ಬಾಯಿಂದಲೇ ಬರಬೇಕಿತ್ತು. ಅವನಿಂದ ಹೇಳಿಸಿದರೆ ಕ್ರಮ ನಿಲ್ಲುತ್ತದೆ, ಅದರ ಜೊತೆಗೆ ಹುದ್ದೆಯೂ ಅವನ ಬಾಗಿಲಿಗೆ ಹೋಗುತ್ತದೆ. ಹೇಳಿಸದಿದ್ದರೆ ಆ ಹುಡುಗಿ ಮುಂದಿನ ಸಲವೂ ಬಾಯಿ ತೆರೆದು ಮುಚ್ಚುತ್ತಾಳೆ. ರೈಲಿನಲ್ಲಿ ಕೂತು ಕೊಚ್ಚಿ ತಲುಪುವವರೆಗೂ ಎರಡನ್ನೂ ತೂಗಿದೆ. ಅವಳ ತೆರೆದ ಬಾಯಿಯೇ ಕಣ್ಣಿಗೆ ಕಟ್ಟುತ್ತಿತ್ತು. ಇಳಿದವಳು ನೇರ ಅವನ ಮೇಜಿಗೆ ಹೋದೆ.

“ನಿಮ್ಮಿಂದ ಒಂದು ಕೆಲಸ ಆಗ್ಬೇಕು. ನಿಮ್ಮ ಮಾತು ಕೇಳಬಾರದು ಅಂತ ನೀವೇ ಅವರಿಗೆ ಹೇಳ್ಬೇಕು.”

ಅವನು ಮೊದಲು ನಕ್ಕ. ನಾನು ನಗದಿದ್ದುದನ್ನು ಕಂಡು ಎದ್ದ. ಊಟಕ್ಕೆ ಜನ ಸೇರಿದ್ದ ಕ್ಯಾಂಟೀನಿನ ನಡುವೆ ನಿಂತು, ಮುಂದಿನ ಸಲ ನಾನು ನಿಮ್ಮನ್ನು ಮುಚ್ಚಿದ ಬಾಗಿಲಿಗೆ ಕಳಿಸಿ ನೀವು ಹೋದಿರೋ, ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ನನ್ನ ಮುಖಕ್ಕೇ ಕೂಗಿ ಎಂದ. ಅಷ್ಟೇ. ಎಲ್ಲರೂ ತಲೆಯಾಡಿಸಿದರು. ಆ ಟೆಸ್ಟಿಂಗ್ ಹುಡುಗಿ ಚಮಚ ಕೆಳಗಿಟ್ಟು ತಲೆಯಾಡಿಸಿದಳು. ವಾರಗಟ್ಟಲೆ ಚಿತ್ರ ತೋರಿಸಿ ತೋರಿಸಿ ನನಗಾಗದ್ದನ್ನು ಅವನು ಸಾರನ್ನ ಆರುವ ಮೊದಲು ಮುಗಿಸಿದ. ಮೈ ಪರಚಿಕೊಳ್ಳುವಂತಾಯಿತು.

ತಪಾಸಕರ ಎದುರಿನ ಡ್ರಿಲ್ಲಿನಲ್ಲಿ ಹಗ್ಗವನ್ನು ಎಲ್ಲಿ ಕಟ್ಟುತ್ತೇನೆಂದು ಈ ಸಲವೂ ಯಾರಿಗೂ ಹೇಳಲಿಲ್ಲ. ಪಶ್ಚಿಮದ ಮೆಟ್ಟಿಲಿಗೆ ಕಟ್ಟಿದೆ, ಯಾಕೆಂದರೆ ಈಗ ಅವನು ಜನರನ್ನು ಅತ್ತ ಒಯ್ಯಲು ಕಲಿತಿದ್ದ. ಜಾಕೆಟ್ ತೊಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತೆ. ಅಲಾರಂ ಹೊಡೆಯಿತು, ಜನ ಬಂದರು. ಹುಡುಗಿ ಹಗ್ಗ ಕಂಡಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. ಅವಳು ತಿರುಗಿ ಕೈ ಚಾಚಿದಳು.

“ವಳಿ ಇಲ್ಲ!”

ಹಿಂದಿನಿಂದ ಅವನ ದನಿ ಹಳೆಯ ಚಾಳಿಯಂತೆ ನಡೀರಿ ನಡೀರಿ ಎಂದಿತು. ಅವಳ ಕೈ ಇಳಿಯಲಿಲ್ಲ. “ವಳಿ ಇಲ್ಲ ಸಾರ್” ಎಂದು ಅವನ ಮುಖಕ್ಕೇ ಹೇಳಿದಳು. ಅವಳ ಹಿಂದಿನ ಸಾಲು ಅದನ್ನೇ ಕೂಗಿತು, ಅದರ ಹಿಂದಿನ ಸಾಲೂ ಕೂಗಿತು, ಇಡೀ ಗುಂಪು ಪೂರ್ವಕ್ಕೆ ತಿರುಗಿತು. ಅವನೂ ತಿರುಗಿದ. ನನ್ನ ಕಣ್ಣು ತುಂಬಿತು. ನಾನು ಬರೆದ ಎರಡು ಮಾತುಗಳು ಅಷ್ಟು ಜನರ ಬಾಯಲ್ಲಿ ಓಡಿದ ಸಂತೋಷಕ್ಕೋ, ಅವನು ಹೇಳಿದ್ದಕ್ಕೆ ತಾನೆ ಓಡಿದವು ಎಂಬ ಸಂಕಟಕ್ಕೋ, ಬೇರ್ಪಡಿಸಲಾಗಲಿಲ್ಲ.

ತಪಾಸಕರಿಗೆ ಬಹಳ ಮೆಚ್ಚಿಗೆಯಾಯಿತು. ತನ್ನನ್ನೇ ತಡೆಯಲು ತನ್ನ ಜನರನ್ನು ತಯಾರು ಮಾಡಿದ ನಾಯಕ ಎಂದು ಅವನ ಕೈ ಕುಲುಕಿದರು. ಕ್ರಮ ಬರೆದದ್ದು ಮೇಡಂ ಎಂದು ಅವನು ಹೇಳಿದ, ಹೇಳಲಿಲ್ಲವೆನ್ನಲಾರೆ. ಅವರು ನನ್ನ ಕಡೆ ನೋಡಿ ತಲೆ ಬಾಗಿಸಿ ಮತ್ತೆ ಅವನ ಕಡೆ ತಿರುಗಿದರು. ಹುದ್ದೆ ಅವನಿಗೆ ಹೋಯಿತು. ಮೇಲಧಿಕಾರಿ ನನ್ನನ್ನು ಕರೆದು, ಕ್ರಮ ನಿಮ್ಮದೇ, ಆದರೆ ಜನ ಕೇಳುವುದು ಅವನ ಮಾತು ಎಂದರು. ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು ಎನ್ನಬೇಕೆಂದಿದ್ದೆ, ಸರಿ ಎಂದು ಹೇಳಿ ಬಂದೆ.

ಮುಂದಿನ ತಿಂಗಳು ತಿರುವನಂತಪುರದಲ್ಲಿ ನನ್ನ ಕಟ್ಟಡದ ಡ್ರಿಲ್ ಇತ್ತು. ಹಗ್ಗವನ್ನು ಮೇಜಿನ ಮೇಲೆ ಸುರುಳಿ ಸುತ್ತಿ ಇಟ್ಟುಕೊಂಡಿದ್ದೆ. ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು, ಹೊಸ ಮುಖ್ಯಸ್ಥನದು.

“ಮೇಡಂ, ನಾಳೆ ಹಗ್ಗ ಬೇಡ. ದೊಡ್ಡೋರೆಲ್ಲಾ ಬಂದು ನಿಂತು ನೋಡ್ತಾರೆ, ಜನ ಅಲ್ಲಿ ತಿರುಗಿ ಕೂಗಾಡಿದ್ರೆ ಚೆನ್ನಾಗಿರಲ್ಲ. ಎತ್ತಿಟ್ಬಿಡಿ.”

ಅದೇ ದನಿ. ನನ್ನ ಎಡಗೈ ಆಗಲೇ ಹಗ್ಗವನ್ನು ಎತ್ತಿಕೊಂಡು, ಮೇಜಿನ ಕೆಳಗಿನ ಖಾನೆಯನ್ನು ಎಳೆದಿತ್ತು. ಅದನ್ನು ನೋಡಿದೆ. ಹಗ್ಗವನ್ನು ಮತ್ತೆ ಮೇಜಿನ ಮೇಲಿಟ್ಟೆ.

“ಹಗ್ಗ ಇರ್ತದೆ” ಎಂದೆ.

ದಯವಿಟ್ಟು ಎನ್ನಲಿಲ್ಲ. ಕಾರಣ ಕೊಡಲಿಲ್ಲ. ಅವನು, “ಸರಿ ಮೇಡಂ” ಎಂದ.

ಫೋನಿಟ್ಟು ಎದ್ದು ನಿಂತೆ, ಸುತ್ತ ನೋಡಿದೆ. ಊಟದ ಹೊತ್ತು, ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಅವನಾಗಿದ್ದರೆ ನೂರು ಜನ ಕೇಳಿಸಿಕೊಂಡಿರುತ್ತಿದ್ದರು.